ತಪ್ಪು ನನ್ನದು, ಹೆಸರು ಅವರದು

ಹೋದ ವಾರ ಪ್ರಾಯೋಗಿಕ ಪರೀಕ್ಷೆಯ ಕೆಲಸಕ್ಕೆಂದು ಧರ್ಮಪುರಕ್ಕೆ ಹೋಗಬೇಕಾಯಿತು. ಹಿರಿಯೂರಿನಲ್ಲಿ ಹತ್ತಿದ ಬಸ್ಸು ಊರು ಸಮೀಪಿಸುತ್ತಿದ್ದಂತೆ ಕಿಟಕಿಯಿಂದ ಆಗತಾನೆ ಕಿತ್ತು ಗುಡ್ಡೆ ಹಾಕಿದ್ದ ಶೇಂಗಾ ಗಿಡಗಳ ವಾಸನೆ ಒಳಗೆ ನುಗ್ಗಿತು. ಹಸಿ ಮಣ್ಣು, ಬಾಡುತ್ತಿರುವ ಎಲೆ, ಬಿಸಿಲು ಸೇರಿದ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಖುಷಿಯಿಂದ, "ಈ ಸಲ ಕಾಯಿ ಚೆನ್ನಾಗ್ ಕಟ್ಟೈತೆ ನೋಡ್ರಿ" ಅಂದಳು. ನಾನು ಹೂಂ ಅಂದೆ. ಹಲ್ಲು ಕಚ್ಚಿಕೊಂಡಿದ್ದೆ. ಎಂಟು ವರ್ಷ ಆಗಿದೆ. ಇಷ್ಟೊತ್ತಿಗೆ ಇಳಿಯಬೇಕಿದ್ದ ಸಿಟ್ಟು ಆ ವಾಸನೆಯ ಜೊತೆ ಬಸ್ಸಿನೊಳಗೆ ಬಂದು ನನ್ನ ಪಕ್ಕದಲ್ಲೇ ಕೂತಿತ್ತು.

ಆ ವರ್ಷ ನಾನು ಧರ್ಮಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಹಿರಿಯೂರಿನಲ್ಲಿ ಒಂದು ಕೋಣೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಟ. ಜೊತೆಗೆ ಪಿಎಚ್‌.ಡಿ.ಗೆ ನೋಂದಾಯಿಸಿ ನಾಲ್ಕನೆಯ ವರ್ಷ ನಡೆಯುತ್ತಿತ್ತು. ನನ್ನ ಗೈಡ್ ದೊಡ್ಡ ಪ್ರೊಫೆಸರು, ಚಿತ್ರದುರ್ಗದಲ್ಲಿ ಅವರ ಮನೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರು ಅವರಿಗೆ ಫೋನ್ ಮಾಡಿ ಸಮಾಧಾನ ಹೇಳುತ್ತಾರೆ. ನನ್ನ ಹೆಸರು ಕೆಂಚಮ್ಮ. ನಮ್ಮ ಅಜ್ಜಿಯ ಹೆಸರು. ಮೊದಲ ಸಲ ಅವರ ಮುಂದೆ ನಿಂತು ಹೆಸರು ಹೇಳಿದಾಗ, "ಕೆಂಚಮ್ಮ ಅಂತ ಹೆಸರಿಟ್ಟುಕೊಂಡು ನ್ಯೂಕ್ಲಿಯರ್ ಫಿಸಿಕ್ಸಾ?" ಅಂತ ನಕ್ಕಿದ್ದರು. ಕೋಣೆಯಲ್ಲಿದ್ದ ಇನ್ನಿಬ್ಬರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ವಿಷಯ ಮಾತ್ರ ಚೆಂದದ್ದು. ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನು, ನ್ಯೂಟ್ರಾನು ಎರಡೂ ಇರುತ್ತವೆಂದು ಹೈಸ್ಕೂಲಿನಲ್ಲೇ ಓದಿರುತ್ತೇವೆ. ಸಣ್ಣ ನ್ಯೂಕ್ಲಿಯಸ್ಸುಗಳಲ್ಲಿ ಎರಡೂ ಸಮ ಇರುವುದು ಸಾಮಾನ್ಯ. ನಾವು ಉಸಿರಾಡುವ ಆಮ್ಲಜನಕದಲ್ಲಿ ಎಂಟೆಂಟು. ದೊಡ್ಡದಾಗುತ್ತ ಹೋದ ಹಾಗೆ ಪ್ರೋಟಾನುಗಳು ಒಂದನ್ನೊಂದು ದೂಡುವುದು ಜಾಸ್ತಿಯಾಗಿ, ಎಲ್ಲ ಒಟ್ಟಿಗೆ ನಿಲ್ಲಬೇಕೆಂದರೆ ನ್ಯೂಟ್ರಾನುಗಳು ಹೆಚ್ಚು ಬೇಕಾಗುತ್ತವೆ. ಹಾಗಾಗಿ ಮೂವತ್ತಾರು ಪ್ರೋಟಾನು, ಮೂವತ್ತಾರೇ ನ್ಯೂಟ್ರಾನು ಇರುವ ಕ್ರಿಪ್ಟಾನ್ ಪ್ರಕೃತಿಯಲ್ಲಿ ಉಳಿಯುವುದಿಲ್ಲ. ದೊಡ್ಡ ಯಂತ್ರಗಳಲ್ಲಿ ಹುಟ್ಟಿಸಬೇಕು, ಹುಟ್ಟಿದ್ದು ಕೆಲವು ಸೆಕೆಂಡಿನಲ್ಲಿ ಬೇರೆ ಏನೋ ಆಗಿಬಿಡುತ್ತದೆ. ಸಂಖ್ಯೆ ಸಮ ಇರುವುದರಿಂದ ಎರಡೂ ಒಂದೇ ಬಗೆಯ ಕಕ್ಷೆಗಳಲ್ಲಿ ತುಂಬಿಕೊಳ್ಳುತ್ತವೆ. ಪ್ರೋಟಾನು ತನ್ನಂಥ ಪ್ರೋಟಾನಿನ ಜೊತೆಗಷ್ಟೇ ಅಲ್ಲ, ನ್ಯೂಟ್ರಾನಿನ ಜೊತೆಯೂ ಜೋಡಿಯಾಗುತ್ತದೆ. ಹೀಗೆ ಜೋಡಿಯಾದ ಗುಂಪಿನ ಆಕಾರ ಎಂಥದ್ದು? ಕುಂಬಳಕಾಯಿಯ ಹಾಗೆ ಅದುಮಿದ್ದೋ, ಸೌತೆಕಾಯಿಯ ಹಾಗೆ ಉದ್ದವೋ? ಅದರ ಶಕ್ತಿಯ ಮಟ್ಟಗಳು, ಅಂದರೆ ಮೆಟ್ಟಿಲುಗಳು, ಎಷ್ಟೆಷ್ಟು ದೂರದಲ್ಲಿವೆ? ಇದನ್ನು ಲೆಕ್ಕ ಹಾಕಿ ಹೇಳುವ ಮಾದರಿಯೊಂದನ್ನು ನಾನು ಕಟ್ಟುತ್ತಿದ್ದೆ. ಪೂರ್ತಿ ಲೆಕ್ಕಕ್ಕೆ ಭಾರಿ ಕಂಪ್ಯೂಟರ್ ಬೇಕು. ನನ್ನದು ಮುಖ್ಯವಾದ ಕೆಲವು ಜೋಡಣೆಗಳನ್ನಷ್ಟೇ ಆರಿಸಿಕೊಳ್ಳುವ ಮಾದರಿ, ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತಿತ್ತು.

ಓಡಿಸಲು ಸಹಾಯ ಮಾಡುತ್ತಿದ್ದವರು ಅಟೆಂಡರ್ ತಿಪ್ಪೇಸ್ವಾಮಣ್ಣ. ಐವತ್ತು ದಾಟಿದ ಮನುಷ್ಯ. ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆಂದು ಅವರಿಗೇ ಗೊತ್ತಿದ್ದದ್ದು. ನಾನು ತರಗತಿಯಲ್ಲಿದ್ದಾಗ ಕಂಪ್ಯೂಟರ್ ಕಾಯುವುದು ಅವರ ಪಾಲಿನ ಕೆಲಸ.

"ಮೇಡಂ, ದಿನಾ ಏನ್ ಬೇಯಿಸ್ತೀರಿ ಇದ್ರಾಗೆ?" ಅಂತ ಒಂದು ದಿನ ಕೇಳಿದರು.

"ಒಂದು ನ್ಯೂಕ್ಲಿಯಸ್ಸಿನ ಆಕಾರ ಹೆಂಗೈತೆ ಅಂತ ಲೆಕ್ಕ ಹಾಕ್ತಿದೀನಿ ಅಣ್ಣ."

"ಲೆಕ್ಕ ಯಾಕ್ರಿ? ನೋಡಿದ್ರಾತಪ್ಪ."

"ನೋಡಕ್ಕಾಗಲ್ಲ. ಕಣ್ಣಿಗೆ ಕಾಣಲ್ಲ, ಹುಟ್ಟಿ ಅರೆ ಗಳಿಗೆನೂ ಇರಲ್ಲ."

ಅವರು ತಲೆ ಕೆರೆದುಕೊಂಡು, "ಇರದೇ ಇರೋದುಕ್ಕೆ ಇಷ್ಟು ಕರೆಂಟಾ" ಅಂದರು. ಅವತ್ತಿನಿಂದ ಬೆಳಗ್ಗೆ ಸಿಕ್ಕ ಕೂಡಲೇ, "ಕಾಳು ಬೆಂದಾವಾ ಮೇಡಂ?" ಅಂತ ವಿಚಾರಿಸುವುದು ರೂಢಿಯಾಯಿತು.

ಜೂನ್‌ನಲ್ಲಿ ಶೇಂಗಾ ಬಿತ್ತನೆಗೆ ಮಳೆ ಹದವಾಗಿ ಬಂತು. ಆಗಸ್ಟ್ ಹೊತ್ತಿಗೆ ನನ್ನ ಲೆಕ್ಕವೂ ಕೈಗೆ ಬಂತು. ಪ್ರಯೋಗದಲ್ಲಿ ಅಳೆದ ಮೆಟ್ಟಿಲುಗಳ ಪಕ್ಕದಲ್ಲಿ ನನ್ನ ಮೆಟ್ಟಿಲುಗಳನ್ನಿಟ್ಟು ಚಿತ್ರ ಬರೆದರೆ, ಒಂದರ ಮೇಲೊಂದು ಇಟ್ಟಂತೆ ಹೊಂದಿಕೊಂಡವು. ನನಗೇ ನಂಬಲಾಗಲಿಲ್ಲ. ಆ ಭಾನುವಾರವೇ ಚಿತ್ರದುರ್ಗಕ್ಕೆ ಹೋಗಿ ಗೈಡ್ ಮುಂದೆ ಹಾಳೆಗಳನ್ನು ಹರಡಿದೆ. ಅವರು ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. "ಭೇಷ್ ಕೆಂಚಮ್ಮ" ಅಂದರು. ಆ ಹೆಸರನ್ನು ಅವರು ನಗದೆ ಹೇಳಿದ್ದು ಅದೇ ಮೊದಲು. ಫೈಲುಗಳನ್ನೆಲ್ಲ ಅವರ ಕಂಪ್ಯೂಟರಿಗೆ ಹಾಕಿಕೊಟ್ಟು, ಖುಷಿಯಲ್ಲಿ ಬಸ್‌ಸ್ಟ್ಯಾಂಡಿನವರೆಗೂ ನಡೆದೇ ಬಂದೆ.

ಶೇಂಗಾ ಕೀಳುವ ಕಾಲಕ್ಕೆ ತರಗತಿಗಳು ಖಾಲಿ. ಹುಡುಗ ಹುಡುಗಿಯರೆಲ್ಲ ಹೊಲದಲ್ಲಿ. ಹಾಜರಿ ಕರೆದರೆ ಐದಾರು ಜನ. ನಾನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ಒಂದು ಕೈಲೆಕ್ಕ ಶುರು ಮಾಡಿದೆ. ತಾಮ್ರದಲ್ಲಿ ಇಪ್ಪತ್ತೊಂಬತ್ತು ಪ್ರೋಟಾನು, ಇಪ್ಪತ್ತೊಂಬತ್ತು ನ್ಯೂಟ್ರಾನು ಇರುವ ಒಂದು ಬಗೆ ಇದೆ. ನನ್ನ ಮಾದರಿಯಲ್ಲಿ ಅದರ ಒಳಗಿನ ಐವತ್ತಾರು ಕಣಗಳನ್ನು ಗಟ್ಟಿ ಗಂಟೆಂದು ಬದಿಗಿಟ್ಟರೆ, ಹೊರಗೆ ಉಳಿಯುವುದು ಒಂದೇ ಪ್ರೋಟಾನು, ಒಂದೇ ನ್ಯೂಟ್ರಾನು. ಎರಡೇ ಕಣವಾದ್ದರಿಂದ ಕಾಗದದ ಮೇಲೆ ಮಾಡಿ ಮುಗಿಸಬಹುದು. ಅದೇ ಲೆಕ್ಕವನ್ನು ಕಂಪ್ಯೂಟರಿಗೂ ಕೊಟ್ಟೆ. ಕೈಯಲ್ಲಿ ಬಂದ ಉತ್ತರವೇ ಬೇರೆ, ಕಂಪ್ಯೂಟರ್ ಕೊಟ್ಟ ಉತ್ತರವೇ ಬೇರೆ.

ಮೂರು ಸಲ ಮಾಡಿದೆ. ಮೂರನೆಯ ಸಲ ತಪ್ಪು ಸಿಕ್ಕಿತು. ಕಣಗಳ ನಡುವಿನ ಬಲದ ಸಂಖ್ಯೆಗಳನ್ನು ಬರೆಯುವುದಕ್ಕೆ ಎರಡು ಕ್ರಮಗಳಿವೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಕೆಲವು ಸಂಖ್ಯೆಗಳ ಪ್ಲಸ್ ಮೈನಸ್ ಆಗಬೇಕು, ಮೈನಸ್ ಪ್ಲಸ್ ಆಗಬೇಕು. ಹನ್ನೊಂದು ಸಂಖ್ಯೆಗಳಲ್ಲಿ ನಾನು ಬದಲಿಸುವುದು ಮರೆತಿದ್ದೆ. ಎಲ್ಲವೂ ಪ್ರೋಟಾನು ನ್ಯೂಟ್ರಾನು ಜೋಡಿಯಾಗುವ ಜಾಗದಲ್ಲೇ ಇದ್ದವು, ಅಂದರೆ ಇಡೀ ಲೆಕ್ಕದ ಜೀವ ಇರುವ ಜಾಗದಲ್ಲೇ. ತಿದ್ದಿ ಓಡಿಸಿದೆ. ಕರೆಂಟು ಹೋಗಿ ಬಂದು ಎರಡು ದಿನ ಹಿಡಿಯಿತು. ಸರಿಯಾದ ಸಂಖ್ಯೆ ಹಾಕಿದರೆ ಕ್ರಿಪ್ಟಾನಿನ ಕೆಳಗಿನ ಎರಡು ಮೆಟ್ಟಿಲು ಪ್ರಯೋಗದಿಂದ ದೂರ ಸರಿದವು. ತಪ್ಪು ಲೆಕ್ಕ ಅಷ್ಟು ಚೆನ್ನಾಗಿ ಹೊಂದಿದ್ದು ಬರೀ ಆಕಸ್ಮಿಕ.

"ಯಾಕ್ ಮೇಡಂ, ಬೇಯ್ಲಿಲ್ವಾ?" ಅಂದರು ತಿಪ್ಪೇಸ್ವಾಮಣ್ಣ.

"ಬೆಂದಿದೆ ಅಣ್ಣ. ಮೊದಲು ಬೆಂದದ್ದು ಸರಿ ಇರಲಿಲ್ಲ."

ಮತ್ತೆ ಭಾನುವಾರ, ಮತ್ತೆ ಚಿತ್ರದುರ್ಗ. ಗೈಡ್ ಪೂರ್ತಿ ಕೇಳಿದರು. ಕೇಳಿ, ಪೇಪರು ಮಡಚುತ್ತ, "ತಪ್ಪು ಲೆಕ್ಕ ಪ್ರಯೋಗಕ್ಕೆ ಹೊಂದುತ್ತೆ ಅಂತೀಯ, ಸರಿಯಾದ ಲೆಕ್ಕ ಹೊಂದಲ್ಲ ಅಂತೀಯ. ಹಾಗಾದ್ರೆ ಯಾವುದನ್ನಮ್ಮ ತಪ್ಪು ಅನ್ನೋದು?" ಅಂದರು.

"ಸಾರ್, ಹನ್ನೊಂದು ಚಿಹ್ನೆ ಉಲ್ಟಾ ಇದ್ದವು. ಕೈಲೆಕ್ಕದಲ್ಲಿ ಗೊತ್ತಾಗ್ತದೆ."

"ಕೆರೆದು ಹುಣ್ಣು ಮಾಡ್ಕೋಬೇಡ. ನನ್ನ ಹತ್ರ ಫೈಲಿದೆಯಲ್ಲ, ನಾನೊಂದು ಸಲ ನೋಡ್ತೀನಿ."

ನೋಡುತ್ತಾರೆಂದೇ ನಂಬಿದೆ. ಸೆಮಿಸ್ಟರ್ ಪರೀಕ್ಷೆಗಳು ಬಂದವು, ಉತ್ತರ ಪತ್ರಿಕೆ ತಿದ್ದುವ ಕೆಲಸ ಬಂತು. ತಿದ್ದಿದ ಫೈಲುಗಳನ್ನು ಈಮೇಲ್ ಮಾಡಿ, ಎರಡು ಸಲ ಫೋನ್ ಮಾಡಿದೆ. "ನೋಡ್ತಾ ಇದೀನಿ" ಅಂದರು.

ಜನವರಿಯಲ್ಲಿ ಒಂದು ಬೆಳಗ್ಗೆ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಧರ್ಮಪುರದ ಬಸ್ಸು ಹತ್ತಿ ಕೂತು, ಫೋನಿನಲ್ಲಿ ಹೊಸ ಲೇಖನಗಳ ಪಟ್ಟಿ ತೆರೆದೆ. ಅದರಲ್ಲಿ ಕ್ರಿಪ್ಟಾನ್ ಮೇಲೊಂದು ಲೇಖನವಿತ್ತು. ತೆರೆದೆ. ನನ್ನ ಚಿತ್ರ. ನಾನು ಎಳೆದ ಗೆರೆಗಳ ಬಣ್ಣವನ್ನೂ ಬದಲಿಸಿರಲಿಲ್ಲ. ನನ್ನ ಹಳೆಯ, ತಪ್ಪು ಸಂಖ್ಯೆಗಳು. ಲೇಖಕರ ಜಾಗದಲ್ಲಿ ಎರಡು ಹೆಸರು, ಒಂದು ನಮ್ಮ ಗೈಡ್‌ರದು, ಇನ್ನೊಂದು ಬಡ್ತಿಗಾಗಿ ಕಾಯುತ್ತಿದ್ದ ಅವರ ಸಹೋದ್ಯೋಗಿಯದು. ಕೊನೆಯ ಪುಟಕ್ಕೆ ಹೋದೆ. ಕೃತಜ್ಞತೆ ಹೇಳುವ ಸಾಲುಗಳಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಧನ್ಯವಾದವಿತ್ತು. ನಾನು ಇರಲಿಲ್ಲ.

ಬಸ್ಸು ಯಾವಾಗ ಹೊರಟಿತು, ಯಾವಾಗ ಊರು ಮುಟ್ಟಿತು ಗೊತ್ತಾಗಲಿಲ್ಲ. ಮೊದಲನೆಯ ಅವಧಿಯಲ್ಲಿ ಬೋರ್ಡಿಗೆ ಒತ್ತಿದ ರಭಸಕ್ಕೆ ಎರಡು ಸೀಮೆಸುಣ್ಣ ಮುರಿದವು. ಮಧ್ಯಾಹ್ನ ಫೋನ್ ಮಾಡಿದೆ.

"ನೋಡಿದ್ಯಾ? ಒಳ್ಳೇ ಜರ್ನಲ್ಲು," ಅಂದರು.

"ನನ್ನ ಹೆಸರಿಲ್ಲ ಸಾರ್."

"ಮುಂದಿನದಕ್ಕೆ ಹಾಕೋಣ. ನಿಂದು ಥೀಸಿಸ್ ಇದ್ದೇ ಇದೆಯಲ್ಲ, ಅವಸರ ಏನು?"

"ಆ ಲೆಕ್ಕ ತಪ್ಪು ಅಂತ ಹೇಳಿದ್ದೆ ಸಾರ್."

"ಅದನ್ನ ಕೂತು ಯಾರು ನೋಡ್ತಾರೆ, ಬಿಡಮ್ಮ."

ಕಳ್ಳತನಕ್ಕಿಂತ ಆ ಮಾತು ಹೆಚ್ಚು ಸುಟ್ಟಿತು. ನನ್ನ ಕೆಲಸ ಕದ್ದಿದ್ದರು, ಸರಿ. ಕದಿಯುವುದಾದರೆ ಸರಿಯಾದದ್ದನ್ನಾದರೂ ಕದಿಯಬಹುದಿತ್ತು. ನೋಡಲು ಚೆಂದವಿದೆಯೆಂದು, ತಪ್ಪೆಂದು ಗೊತ್ತಿದ್ದೂ ತಪ್ಪನ್ನೇ ಆರಿಸಿಕೊಂಡಿದ್ದರು.

ಮುಂದಿನ ಮೂರು ವಾರ ನಾನು ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಕೆಲಸ ನನ್ನದು ಅಂತ ದೂರು ಕೊಟ್ಟರೆ ತಪ್ಪೂ ನನ್ನದೆಂದು ಒಪ್ಪಬೇಕು. ಸುಮ್ಮನಿದ್ದರೆ ಎಂದಾದರೂ ಯಾರಾದರೂ ಆ ತಪ್ಪು ಕಂಡುಹಿಡಿಯುತ್ತಾರೆ, ಅವರಿಬ್ಬರ ಮಾನ ಹೋಗುತ್ತದೆ, ನಾನು ದೂರ ನಿಂತು ನೋಡಬಹುದು. ನಿಜ ಹೇಳುತ್ತೇನೆ, ಈ ಎರಡನೆಯದರ ಆಸೆ ನನಗೆ ಬಹಳ ಇತ್ತು. ಬಸ್ಸಿನಲ್ಲಿ ಹೋಗುತ್ತ ಬರುತ್ತ ಅವರು ತಲೆ ತಗ್ಗಿಸಿ ನಿಲ್ಲುವ ದೃಶ್ಯವನ್ನು ಕಲ್ಪಿಸಿಕೊಂಡು ಸವಿಯುತ್ತಿದ್ದೆ. ಆದರೆ ದೂರದಲ್ಲೆಲ್ಲೋ ನನ್ನಂಥವಳೊಬ್ಬಳು ಆ ಸಂಖ್ಯೆಗಳನ್ನು ನಂಬಿ ತನ್ನ ಲೆಕ್ಕಕ್ಕೆ ಬಳಸಿಕೊಂಡರೆ? ಹನ್ನೊಂದು ಚಿಹ್ನೆ ಮರೆತದ್ದು ಈ ಕೈ. ಅದು ನೆನಪಾದ ಕೂಡಲೇ ಸಿಟ್ಟು ನನ್ನ ಕಡೆಗೇ ತಿರುಗುತ್ತಿತ್ತು.

ಶಿವರಾತ್ರಿ ರಜೆಗೆ ಊರಿಗೆ ಹೋದೆ. ನಮ್ಮೂರು ಹೊಳಲ್ಕೆರೆ ತಾಲ್ಲೂಕು, ರಾಮಗಿರಿ ಹತ್ತಿರ. ಅಪ್ಪ, ಅಣ್ಣ ಇಬ್ಬರೂ ಕುರಿ ಸಾಕುತ್ತಾರೆ. ಅವತ್ತು ಅಪ್ಪ ಹಟ್ಟಿ ಮುಂದೆ ಕೂತು ಕುರಿಗಳ ಗೊರಸು ನೋಡುತ್ತಿದ್ದ. ಕೆರೆಯಂಚಿನ ಹಸಿ ನೆಲದಲ್ಲಿ ನಿಂತು ಎರಡು ಮೂರಕ್ಕೆ ಕಾಲು ಕೆಟ್ಟಿತ್ತು.

"ಯಾಕವ್ವ, ಬಂದಾಗಿಂದ ಮುಖ ಗಂಟ್ ಹಾಕ್ಕಂಡಿದೀಯ?" ಅಂದ.

ಹೇಳಿದೆ. ಕ್ರಿಪ್ಟಾನ್ ಅದೂ ಇದೂ ಬಿಟ್ಟು ನಡೆದದ್ದಷ್ಟನ್ನು. ಅಪ್ಪ ಗೊರಸು ಕೆರೆಯುತ್ತಲೇ ಕೇಳಿದ.

"ನಿನ್ ಕೆಲ್ಸನ ಅವ್ರು ತಮ್ದು ಅಂದವ್ರೆ."

"ಹೂಂ."

"ಅದ್ರಾಗೆ ತಪ್ಪೈತೆ."

"ಹೂಂ."

"ಆ ತಪ್ಪು ಮಾಡ್ದೋರ್ಯಾರು?"

"ನಾನೇ."

"ಹಂಗಾರೆ ಹೇಳ್ಬಿಡು, ನಂದು ಅಂತ."

"ಹೇಳಿದ್ರೆ ಅವರು ನನ್ನ ಡಾಕ್ಟರೇಟಿಗೆ ಕಲ್ಲು ಹಾಕ್ತಾರೆ ಅಪ್ಪ. ನಾಲ್ಕು ವರ್ಷ ಮಾಡೀನಿ."

ಅಪ್ಪ ತಲೆಯೆತ್ತಿ ನೋಡಿದ. "ಹೋದ್ರೆ ಹೋಗ್ಲಿ ಅಂತ ನಾನ್ ಹೇಳಾಕಿಲ್ಲ. ನೀನ್ ಓದಿದ್ದು ನಾನ್ ನೋಡೀನಿ. ಆದ್ರೆ ಹಿಂಗೇ ಹಲ್ ಕಡ್ಕಂಡು ಎಷ್ಟ್ ದಿನ ಇರ್ತೀಯ? ಬಾ, ಇದ್ರ ಕಾಲ್ ಗಟ್ಟಿಯಾಗ್ ಹಿಡ್ಕ. ಒದೀತೈತೆ."

ಹಿಡಿದುಕೊಂಡೆ. ಅದು ಒದೆಯಿತು. ಮೊಣಕೈ ತರಚಿತು. ಅಪ್ಪನ ಮೇಲೂ ಸಿಟ್ಟು ಬಂತು, ಇಷ್ಟು ಸುಲಭ ಮಾಡಿ ಹೇಳಿದನಲ್ಲ ಅಂತ. ರಜೆ ಮುಗಿಸಿ ವಾಪಸ್ ಬಂದವಳು ಎರಡು ದಿನ ಕೂತು ಆ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದೆ. ಅಳಲಿಲ್ಲ, ಬೈಯಲಿಲ್ಲ. ಇಂಥ ಕೋಷ್ಟಕದಲ್ಲಿ ಹನ್ನೊಂದು ಸಂಖ್ಯೆಗಳ ಚಿಹ್ನೆ ತಪ್ಪಿದೆ, ಆ ತಪ್ಪನ್ನು ಮಾಡಿದವಳು ನಾನು, ಮಾಡಿದ್ದು ಇಂಥ ತಿಂಗಳು, ತಿದ್ದಿದ್ದು ಇಂಥ ತಿಂಗಳು, ತಿದ್ದಿದ್ದನ್ನು ಲೇಖಕರಿಗೆ ತಿಳಿಸಿದ್ದು ಇಂಥ ದಿನ. ಪ್ರೋಗ್ರಾಮು, ಈಮೇಲುಗಳು, ತಾಮ್ರದ ಕೈಲೆಕ್ಕದ ಹಾಳೆಗಳ ಫೋಟೋ ಎಲ್ಲ ಲಗತ್ತಿಸಿದೆ. ಅವತ್ತೇ ಕಳಿಸಿದೆ.

ಹದಿನೈದು ದಿನಕ್ಕೆ ಗೈಡ್ ಮನೆಗೆ ಕರೆಸಿದರು. ಕೂರು ಅನ್ನಲಿಲ್ಲ.

"ನನ್ನ ಮರ್ಯಾದೆ ತೆಗೆದುಬಿಟ್ಟೆ."

"ನಿಮ್ಮ ಮರ್ಯಾದೆ ನಾನು ಮುಟ್ಟಿಲ್ಲ ಸಾರ್. ನನ್ನ ತಪ್ಪು ನಾನು ವಾಪಸ್ ತಗಂಡೆ."

"ಕುರಿ ಕಾಯೋರ ಮನೆಯಿಂದ ತಂದು ಇಲ್ಲಿ ಕೂರಿಸಿದ್ದು, ಅದು ನಾನು ಮಾಡಿದ ತಪ್ಪು."

"ಅದನ್ನೂ ಜರ್ನಲ್ಲಿಗೆ ಬರೀರಿ ಸಾರ್," ಅಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಅವರು ಬಾಗಿಲ ಕಡೆ ಕೈ ತೋರಿಸಿದರು. ಆ ಸಲದ ಪ್ರಗತಿ ವರದಿಗೆ ಅವರು ಸಹಿ ಹಾಕಲಿಲ್ಲ. ಸಹಿ ಇಲ್ಲದೆ ನೋಂದಣಿ ರದ್ದಾಯಿತು. ಬೇರೆ ಗೈಡ್ ಹುಡುಕಿದೆ. ಈ ಪ್ರೊಫೆಸರ ವಿರೋಧ ಕಟ್ಟಿಕೊಳ್ಳಲು ಯಾರೂ ತಯಾರಿರಲಿಲ್ಲ. ಈಗ ಹೊಸದುರ್ಗದಲ್ಲಿ ಪಾಠ ಮಾಡುತ್ತಿದ್ದೇನೆ. ಇವತ್ತಿಗೂ ನನ್ನ ಹೆಸರಿನ ಮುಂದೆ ಡಾಕ್ಟರ್ ಇಲ್ಲ.

ಆ ವರ್ಷದ ಬೇಸಿಗೆಯಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಪ್ರಕಟಣೆಯಲ್ಲಿ ಎರಡೇ ಸಾಲು: ಓದುಗರೊಬ್ಬರು ತೋರಿಸಿಕೊಟ್ಟ ದೋಷದ ಕಾರಣ ಲೇಖಕರು ಈ ಲೇಖನವನ್ನು ಹಿಂಪಡೆಯುತ್ತಿದ್ದಾರೆ. ಓದುಗರೊಬ್ಬರು! ನಾಲ್ಕು ವರ್ಷದ ಕೆಲಸ, ಹನ್ನೊಂದು ತಪ್ಪು, ಅದನ್ನು ಹಿಡಿದದ್ದು, ಒಪ್ಪಿಕೊಂಡದ್ದು, ಎಲ್ಲ ಮಾಡಿ ನಾನು ಓದುಗರೊಬ್ಬರಾದೆ. ಮತ್ತೆ ಬರೆದೆ. ಕೆಲಸ ಯಾರದೆಂಬುದನ್ನು ವಿಶ್ವವಿದ್ಯಾಲಯವೇ ತೀರ್ಮಾನಿಸಬೇಕು ಅಂತ ಉತ್ತರ ಬಂತು. ವಿಶ್ವವಿದ್ಯಾಲಯಕ್ಕೆ ಬರೆದೆ. ಅಲ್ಲಿಂದ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಇನ್ನು ಉಳಿದಿದ್ದದ್ದು ಒಂದೇ ದಾರಿ, ಸರಿಯಾದ ಲೆಕ್ಕವನ್ನು ನಾನೇ ಬರೆಯುವುದು. ಆ ಬೇಸಿಗೆ ರಜೆಯಿಡೀ ಧರ್ಮಪುರದ ಕಾಲೇಜಿಗೆ ಹೋಗಿ ಬಂದೆ. ಸೆಕೆಗೆ ಕಂಪ್ಯೂಟರ್ ಬಿಸಿಯಾಗುತ್ತಿತ್ತು. ತಿಪ್ಪೇಸ್ವಾಮಣ್ಣ ಎಲ್ಲಿಂದಲೋ ಒಂದು ಟೇಬಲ್ ಫ್ಯಾನ್ ತಂದು ಅದರ ಕಡೆಗೆ ತಿರುಗಿಸಿಟ್ಟರು, ನನ್ನ ಕಡೆಗಲ್ಲ. "ನೀವು ತಡ್ಕಂತೀರಿ, ಅದು ತಡ್ಕಳಲ್ಲ" ಅಂದರು. ಆ ವರ್ಷ ನಾನು ಬಾಯ್ತುಂಬ ನಕ್ಕಿದ್ದು ಅದೊಂದೇ ಸಲ ಇರಬೇಕು.

ಸರಿಯಾದ ಸಂಖ್ಯೆಗಳು ಹೇಳಿದ್ದು ಇಷ್ಟು. ಕ್ರಿಪ್ಟಾನಿನ ಈ ನ್ಯೂಕ್ಲಿಯಸ್ಸಿಗೆ ಒಂದೇ ಆಕಾರವಿಲ್ಲ. ಅದುಮಿದ ಆಕಾರ, ಉದ್ದನೆಯ ಆಕಾರ, ಎರಡೂ ಶಕ್ತಿಯಲ್ಲಿ ಬಹಳ ಹತ್ತಿರದಲ್ಲಿದ್ದು ಒಂದರೊಳಗೊಂದು ಬೆರೆಯುತ್ತವೆ. ನನ್ನ ಮಾದರಿ ಆ ಬೆರಕೆಯನ್ನು ಪೂರ್ತಿ ಹಿಡಿಯಲಾರದು, ಅದಕ್ಕೇ ಕೆಳಗಿನ ಮೆಟ್ಟಿಲುಗಳು ಹೊಂದುವುದಿಲ್ಲ. ಹೊಂದುವುದಿಲ್ಲ ಎಂದೇ ಬರೆದೆ. ಚಿಹ್ನೆ ತಪ್ಪಿದರೆ ಉತ್ತರ ಹೇಗೆ ಮೋಸದಿಂದ ಚೆಂದ ಕಾಣುತ್ತದೆಂದು ಒಂದು ಭಾಗವನ್ನೇ ಬರೆದೆ. ನನ್ನೊಬ್ಬಳದೇ ಹೆಸರು, ಕೆಳಗೆ ಧರ್ಮಪುರದ ವಿಳಾಸ. ಮತ್ತೊಂದು ಶೇಂಗಾ ಬೆಳೆ ಕೈಗೆ ಬರುವಷ್ಟರಲ್ಲಿ ಅದು ಇನ್ನೊಂದು ಪತ್ರಿಕೆಯಲ್ಲಿ ಅಚ್ಚಾಯಿತು.

ಅದಾದ ಮೇಲೆ ಚಿತ್ರದುರ್ಗದಲ್ಲಿ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಟೀ ಬಿಡುವಿನಲ್ಲಿ ಗೈಡ್ ತಾವಾಗಿ ನನ್ನ ಹತ್ತಿರ ಬಂದರು. ಸುತ್ತ ಜನ ಇದ್ದರು, ಹಾಗಾಗಿ ನಗುತ್ತಲೇ ಬಂದರು. ನನ್ನ ಕೈಲಿದ್ದ ಲೇಖನದ ಪ್ರತಿ ತೆಗೆದುಕೊಂಡು ಮೊದಲ ಪುಟ ನೋಡಿದರು, ನೇರ ಕೊನೆಯ ಪುಟಕ್ಕೆ ಹೋದರು, ಕೃತಜ್ಞತೆಯ ಸಾಲುಗಳ ಮೇಲೆ ಬೆರಳಾಡಿಸಿದರು.

"ನನ್ನ ಹೆಸರು ಹಾಕಬಹುದಿತ್ತು," ಅಂದರು ಮೆಲ್ಲಗೆ. "ಕೈಲೆಕ್ಕ ಮಾಡದೆ ಕಂಪ್ಯೂಟರ್ ನಂಬಬೇಡ ಅಂತ ನಿನಗೆ ಹೇಳಿಕೊಟ್ಟವನು ನಾನಲ್ವೇನಮ್ಮ?"

ಆ ಮಾತು ನಿಜ. ಮೊದಲನೆಯ ವರ್ಷ ಅವರದೇ ಮನೆಯಲ್ಲಿ, ಎರಡು ಕಣಗಳ ಲೆಕ್ಕವನ್ನು ಕೈಯಲ್ಲಿ ಮಾಡುವುದನ್ನು ಇಡೀ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಕಲಿಸಿದ್ದರು. ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ ನಾನು ಇಂದಿಗೂ ಮಕ್ಕಳಿಗೆ ಹಾಗೆಯೇ ಕಲಿಸುತ್ತೇನೆ.

"ಮೊದಲು ಹಾಕಿದ್ದೆ ಸಾರ್," ಅಂದೆ. "ಆಮೇಲೆ ಅಳಿಸಿದೆ."

ಅವರು ಪ್ರತಿಯನ್ನು ವಾಪಸ್ ಕೊಟ್ಟು, ಬೇರೆ ಯಾರನ್ನೋ ಮಾತಾಡಿಸುತ್ತ ಆ ಕಡೆ ಹೋದರು. ನಾನು ಟೀ ಕುಡಿಯದೆ ಹೊರಗೆ ಬಂದೆ. ಸುಳ್ಳು ಹೇಳಿರಲಿಲ್ಲ. ಮೊದಲ ಕರಡಿನಲ್ಲಿ, ಪರೀಕ್ಷಿಸಿ ನೋಡುವುದನ್ನು ಕಲಿಸಿದ ಗುರುಗಳಿಗೆ ಅಂತ ಅವರ ಹೆಸರು ಬರೆದಿದ್ದೆ. ಕಳಿಸುವ ದಿನ ಆ ಸಾಲನ್ನು ತೆಗೆದುಹಾಕಿದೆ. ಆ ವರ್ಷವಿಡೀ ಬಂದ ಸಿಟ್ಟುಗಳಲ್ಲಿ ಇನ್ನೂ ಆರದೆ ಉಳಿದಿರುವುದು ಆ ಸಾಲು ಅಳಿಸಿದ ಹೊತ್ತಿನದು. ಮಾಡಿದ ಕೆಲಸದಿಂದ ಒಬ್ಬರ ಹೆಸರು ಅಳಿಸುವುದನ್ನು ಅವರು ನನ್ನ ಕೈಯಲ್ಲೂ ಮಾಡಿಸಿಬಿಟ್ಟಿದ್ದರು.